ಶಶಿಕಾಂತರು ನಿಂತದ್ದು, ಕುಂತದ್ದು

ದೇವರು ಮನುಷ್ಯನಿಗೆ ಬಲಗಾಲು ಕೊಟ್ಟದ್ದು ಸ್ಕೂಟರಿಗೆ ಕಿಕ್ ಹೊಡೆಯಲಿಕ್ಕೆ, ಎಡಗಾಲು ಕೊಟ್ಟದ್ದು ಎಮ್ಮೆ ಅಡ್ಡ ಬಂದಾಗ ನೆಲಕ್ಕೆ ಊರಲಿಕ್ಕೆ ಎಂದು ಗೋಪನಕೊಪ್ಪದ ಶಶಿಕಾಂತ ಅರಳಿಕಟ್ಟಿಯವರು ಬಲವಾಗಿ ನಂಬಿದ್ದರು. ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಅವರು ಸ್ಟೋರ್ ಕೀಪರ್. ಅಷ್ಟು ದೂರ ಸ್ಕೂಟರಿನಲ್ಲಿ ಹೋಗುವುದು ಸರಿಯೇ. ಆದರೆ ತಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದ ಶಿದ್ದಪ್ಪನ ಕಿರಾಣಿ ಅಂಗಡಿಗೂ ಅವರು ಸ್ಕೂಟರಿನಲ್ಲೇ ಹೋಗುತ್ತಿದ್ದರು. ಇಳಿಯುತ್ತಲೂ ಇರಲಿಲ್ಲ. ಗಾಡಿ ಬಂದ್ ಮಾಡದೆ ಅಲ್ಲಿಂದಲೇ “ಅರ್ಧ ಕಿಲೋ ಬೆಲ್ಲ” ಎಂದು ಕೂಗುತ್ತಿದ್ದರು. “ನಾಕ ಹೆಜ್ಜಿ ನಡದ್ರ ಕಾಲ ಸವೀತಾವೇನು?” ಎಂದು ಹೆಂಡತಿ ದ್ರಾಕ್ಷಾಯಿಣಿ ಕೇಳಿದರೆ, “ಗಾಡಿ ಇಟಗೊಂಡು ನಡದ್ರ ಮಂದಿ ಏನಂದಾರು?” ಎನ್ನುತ್ತಿದ್ದರು. ಮುಂದೆ ಆದದ್ದನ್ನು ನೋಡಿದರೆ ಆ ಹೆದರಿಕೆ ಪೂರಾ ಸುಳ್ಳೇನೂ ಆಗಿರಲಿಲ್ಲ.

ಶಶಿಕಾಂತರಿಗೆ ಊರಲ್ಲಿ ಒಂದು ಹೆಸರೂ ಇತ್ತು. ಅದು ಸ್ಟೋರಿನಿಂದ ಬಂದದ್ದಲ್ಲ, ಜಿಲೇಬಿಯಿಂದ ಬಂದದ್ದು. ಮದುವೆಯ ಪಂಕ್ತಿಯಲ್ಲಿ ಜಿಲೇಬಿ ಬುಟ್ಟಿ ಹಿಡಿದವನು ಅವರ ಎದುರಿಗೆ ಬಂದನೆಂದರೆ ಬುಟ್ಟಿ ಬರಿದಾಗುವತನಕ ಮುಂದೆ ಸರಿಯುವಂತಿರಲಿಲ್ಲ. ಬೀಗರು ಸುತ್ತ ನಿಂತು ನೋಡುತ್ತಿದ್ದರು. “ನಮ್ಮ ಗೋಪನಕೊಪ್ಪದಾವರು” ಎಂದು ಓಣಿಯವರು ಎದೆಯುಬ್ಬಿಸುತ್ತಿದ್ದರು. ಇಂಥ ಮನುಷ್ಯನಿಗೆ ಸಕ್ಕರೆ ಕಾಯಿಲೆ ಬಂದರೆ ಅದು ಬರೀ ಕಾಯಿಲೆಯಲ್ಲ, ಮರ್ಯಾದೆಯ ಪ್ರಶ್ನೆ.

ಬಂದೇ ಬಂತು.

“ಮುನ್ನೂರಾ ಹತ್ತು ಅದ,” ಎಂದರು ಡಾಕ್ಟರ್ ಗಾರ್ಗಿ, ರಕ್ತ ತಪಾಸಣೆಯ ಕಾಗದ ನೋಡಿ.

“ಎಷ್ಟಕ್ಕ ಮುನ್ನೂರಾ ಹತ್ತರಿ?”

“ಇದು ಪರೀಕ್ಷಾದ ಮಾರ್ಕ್ಸ್ ಅಲ್ಲರಿ. ಹೆಚ್ಚು ಬಂದ್ರ ನಪಾಸು.”

ಗಾರ್ಗಿ ಧಾರವಾಡದ ಹುಡುಗಿ. ಓದು ಮುಗಿಸಿ ಬಂದು, ಶಾಬುದ್ದೀನನ ಔಷಧದ ಅಂಗಡಿಯ ಮಾಳಿಗೆಯ ಮೇಲೆ ಹೊಸದಾಗಿ ದವಾಖಾನೆ ತೆರೆದಿದ್ದರು. ಓಣಿಯಲ್ಲಿ ಇನ್ನೂ ಅವರ ಹೆಸರು ಯಾರ ಬಾಯಿಗೂ ಕೂತಿರಲಿಲ್ಲ. ಹೋಗಿಬಂದ ನಾಲ್ಕೈದು ಮಂದಿ “ಮ್ಯಾಲಿನವರು” ಎನ್ನುತ್ತಿದ್ದರು. ಅವರು ಚೀಟಿ ತೆಗೆದುಕೊಂಡು, ಎಲ್ಲ ಔಷಧಗಳಿಗಿಂತ ಮೇಲೆ, ದುಂಡಗೆ ಕನ್ನಡದಲ್ಲಿ ‘ನಡಿಗೆ, ದಿನಾಲು ಮುಂಜಾನೆ’ ಎಂದು ಬರೆದು ಕೆಳಗೆ ಗೆರೆ ಎಳೆದರು.

“ಇದೇನ್ರಿ ಡಾಕ್ಟ್ರ? ಗುಳಿಗಿ ಬರೀರಿ.”

“ಗುಳಿಗಿ ಕೆಳಗ ಅದಾವ. ಇದು ಮೊದಲನೇ ಔಷಧ. ಗುಳಿಗಿ ಹೆಂಗ ದಿನಾ ತೊಗೋತೀರೋ ಹಂಗ ಇದನ್ನೂ ತೊಗೋಬೇಕು. ತಪ್ಪಿಸೋ ಹಂಗಿಲ್ಲ.”

“ನಡ್ಯೂದನ್ನ ಚೀಟಿ ಮ್ಯಾಲ ಬರ್ಯೂದೇನ್ರಿ? ಬಾಯಿಲೆ ಹೇಳಿದ್ರ ಆಗ್ತಿದ್ದಿಲ್ಲೇನು?”

“ಬಾಯಿಲೆ ಹೇಳಿದ್ದನ್ನ ಮೆಟ್ಟಲಾ ಇಳಿಯೂದ್ರಾಗ ಮರೀತಾರ. ಬರದ್ರ ಒಬ್ಬರರ ಕೇಳ್ತಾರ.” ನಂತರ ಅವರು ಔಷಧ ತೆಗೆದುಕೊಳ್ಳುವ ಕ್ರಮವನ್ನು ವಿವರಿಸಿದರು. “ನಸುಕಿನ್ಯಾಗ ಏಳ್ರಿ. ಬಿಳೇ ಅರಿವಿ ಹಾಕ್ಕೋರಿ, ಕತ್ತಲದಾಗ ಟ್ರಕ್ಕಿನವರಿಗೆ ಕಾಣಸಬೇಕು. ಒಂದೇ ಓಣಿ ಸುತ್ತಬ್ಯಾಡ್ರಿ, ಬ್ಯಾಸರಾಗ್ತದ. ಎಲ್ಲಾ ಓಣಿ ತಿರಗ್ರಿ. ಮುಖ್ಯ ಮಾತು, ನಡುಕ ಎಲ್ಲೂ ನಿಂದ್ರಬ್ಯಾಡ್ರಿ. ಯಾರರ ಮಾತಾಡಿಸಿದ್ರ ನಕ್ಕು, ಕೈ ಮುಗದು, ಮುಂದ ಹೋಗಿಬಿಡ್ರಿ. ನಿಂತ್ರ ಮಾಡಿದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ.”

“ನನಗ ನಡ್ಯೂ ರೂಢಿ ಇಲ್ಲರಿ.”

“ಬ್ಯಾಡ ಬಿಡ್ರಿ. ಮುಂದಿನ ತಿಂಗಳು ಸಕ್ಕರಿ ಇಳೀಲಿಲ್ಲಂದ್ರ ದಿನಾ ಇಂಜೆಕ್ಷನ್ ಚಾಲೂ ಮಾಡೋಣ. ನೀವೇ ಚುಚ್ಚಿಕೋಬೇಕು. ಹೊಟ್ಟಿಗೆ.”

ಶಶಿಕಾಂತರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಸೂಜಿ ಎಂದರೆ ಅವರ ಪ್ರಾಣ ಅರ್ಧ ಹೋಗುತ್ತಿತ್ತು. ಮಗಳು ಕೂಸಿದ್ದಾಗ ಲಸಿಕೆ ಹಾಕಿಸಲು ಹೋಗಿದ್ದರು. ಸೂಜಿ ಚುಚ್ಚಿದ್ದು ಕೂಸಿಗೆ, ಎಚ್ಚರ ತಪ್ಪಿದ್ದು ಇವರಿಗೆ. ನರ್ಸಮ್ಮ ಅಳುವ ಕೂಸನ್ನು ಬಿಟ್ಟು ಅಪ್ಪನ ಮುಖಕ್ಕೆ ನೀರು ಹೊಡೆಯಬೇಕಾಯಿತು. ಈ ಸಲ ರಕ್ತ ತೆಗೆದದ್ದೂ ಬೆಂಚಿನ ಮೇಲೆ ಮಲಗಿಸಿಯೇ. ಇನ್ನು ದಿನಾಲೂ, ತಮ್ಮ ಹೊಟ್ಟೆಗೆ ತಾವೇ ಎಂದರೆ! ನಡೆಯುವುದೇ ಸೈ ಎಂದು ಶಶಿಕಾಂತರು ಆ ಕ್ಷಣವೇ ಪಣ ತೊಟ್ಟರು. ಗುಡ್ಡ ಅಡ್ಡ ಬಂದರೂ ನಡೆಯುವುದು, ಯಾರು ತಡೆದರೂ ನಡೆಯುವುದು.

ಕೆಳಗೆ ಶಾಬುದ್ದೀನ ಚೀಟಿ ಓದಿ, “ಕೆಳಗಿನವು ಎರಡೂ ಅದಾವ್ರಿ ಕಾಕಾ. ಮ್ಯಾಲಿಂದು ನಮ್ಮ ಅಂಗಡ್ಯಾಗ ಬರಂಗಿಲ್ಲ,” ಎಂದ. ಶಶಿಕಾಂತರು ಅವನ ಕೈ ಹಿಡಿದುಕೊಂಡರು. “ನನಗ ಸಕ್ಕರಿ ಐತಿ ಅಂತ ಯಾರ ಮುಂದನೂ ಬಾಯಿ ಬಿಡಬ್ಯಾಡಪಾ. ನಾಳೆ ಪಂಕ್ತಿಯೊಳಗ ಒಬ್ಬನೂ ಜಿಲೇಬಿ ನೀಡಂಗಿಲ್ಲ.” ಶಾಬುದ್ದೀನ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ಶಶಿಕಾಂತರ ದುರ್ದೈವ ನೋಡಿ, ಅವನು ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ಆಗಿರಲಿಲ್ಲ.

ಮರುದಿನ ನಸುಕಿನಲ್ಲಿ ದ್ರಾಕ್ಷಾಯಿಣಿ ಮಗಳ ಮದುವೆಗೆ ಹೊಲಿಸಿದ್ದ ಬಿಳಿ ಜುಬ್ಬಾ ಪೈಜಾಮ ತೆಗೆದುಕೊಟ್ಟರು. ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ಗರಿಗರಿ ಎನ್ನುತ್ತಿತ್ತು. ಆ ವರ್ಷ ಮಹಾನಗರ ಪಾಲಿಕೆಯ ಚುನಾವಣೆ ಹತ್ತಿರ ಬಂದಿತ್ತು ಎಂಬುದನ್ನು ಡಾಕ್ಟರರು ಚೀಟಿಯಲ್ಲಿ ಬರೆದಿರಲಿಲ್ಲ, ಶಶಿಕಾಂತರಿಗೂ ಅದರ ನೆನಪಿರಲಿಲ್ಲ.

ಶಿದ್ದಪ್ಪ ಆಗತಾನೇ ಅಂಗಡಿ ತೆರೆದು ಅಂಗಳಕ್ಕೆ ನೀರು ಹೊಡೆಯುತ್ತಿದ್ದ. ತಲೆ ಎತ್ತಿ ನೋಡುತ್ತಾನೆ, ಸ್ಕೂಟರಿಲ್ಲದ ಶಶಿಕಾಂತರು. ಮೈಮೇಲೆ ಬಿಳಿ ಜುಬ್ಬಾ. ಮುಖದ ಮೇಲೆ ನಗು. ಇಷ್ಟು ವರ್ಷದಲ್ಲಿ ಒಮ್ಮೆಯೂ ನಮಸ್ಕಾರ ಎನ್ನದ ಮನುಷ್ಯ ಎರಡೂ ಕೈ ಜೋಡಿಸಿದ್ದಾರೆ. ಶಿದ್ದಪ್ಪನ ಕೈಯಲ್ಲಿದ್ದ ಚೆಂಬು ಕೈಯಲ್ಲೇ ಉಳಿಯಿತು.

“ಏನ್ ಶಶಿಕಾಂತಣ್ಣಾರ, ನಿಂತೀರೇನ ಮತ್ತ?”

ಶಶಿಕಾಂತರಿಗೆ ಏದುಸಿರು. “ಇಲ್ಲಪಾ, ನಿಂದ್ರಂಗಿಲ್ಲ. ನಡದೇನಿ.”

“ಯಾರ ಹೇಳಿದ್ರು?”

“ಮ್ಯಾಲಿಂದ ಹೇಳ್ಯಾರ. ನನಗೇನ ಆಸೆ ಐತೇನು?”

“ಈಗ ಎಲ್ಲಿಗೆ ಹೊಂಟ್ರಿ?”

“ಎಲ್ಲಾ ಓಣಿ ತಿರಗಬೇಕಲ್ಲೋ,” ಎನ್ನುತ್ತ ಶಶಿಕಾಂತರು ನಕ್ಕು, ಮತ್ತೊಮ್ಮೆ ಕೈ ಮುಗಿದು, ಡಾಕ್ಟರರು ಹೇಳಿದಂತೆಯೇ ಮುಂದೆ ಹೋಗಿಬಿಟ್ಟರು.

ಹಾಲು ಒಯ್ಯಲು ಬಂದ ಗಿರಾಕಿಗಳಿಗೆ ಶಿದ್ದಪ್ಪ ಬಿಡಿಸಿ ಹೇಳಿದ. “ಕೇಳಿದೆ. ನಿಂದ್ರಂಗಿಲ್ಲ ಅಂದ್ರು. ನಿಂದ್ರಂಗಿಲ್ಲ ಅಂತ ಯಾರ ಅಂತಾರ? ನಿಂದ್ರಾವರ ಅಂತಾರ. ಈಗ ನಾ ನಿಂದ್ರಾಂವ ಅಲ್ಲ. ಎಂದರ ನಿಮ್ಮ ಮುಂದ ನಿಂದ್ರಂಗಿಲ್ಲ ಅಂದೇನೇನು?” ಗಿರಾಕಿಗಳು ಈ ತರ್ಕವನ್ನು ಹಾಲಿನ ಜೊತೆಗೆ ಮನೆಮನೆಗೆ ಒಯ್ದರು. ಗೋಪನಕೊಪ್ಪದಲ್ಲಿ ನಳಕ್ಕೆ ನೀರು ಬರಲು ಪಾಳಿ ಇತ್ತು. ಸುದ್ದಿಗೆ ಪಾಳಿ ಇರಲಿಲ್ಲ. ಬಿಸಿಲೇರುವುದರೊಳಗೆ ಶಶಿಕಾಂತರು ಪಾಲಿಕೆಗೆ ನಿಂತದ್ದು, ಮೇಲಿನವರೇ ಒತ್ತಾಯ ಮಾಡಿ ನಿಲ್ಲಿಸಿದ್ದು, ಎರಡೂ ಎಲ್ಲರಿಗೂ ಗೊತ್ತಾಯಿತು. ಗೊತ್ತಾಗದೆ ಉಳಿದವರು ಶಶಿಕಾಂತರೊಬ್ಬರೇ.

ಎರಡನೆಯ ದಿನದಿಂದ ಬಾಗಿಲು ಬಾಗಿಲಿಗೂ ಮಂದಿ ನಿಂತಿದ್ದರು. “ಬರ್ರಿ, ಬರ್ರಿ, ಒಂದ ಕಪ್ ಚಾ.” ಶಶಿಕಾಂತರು ನಕ್ಕು ಕೈ ಮುಗಿದು ಮುಂದೆ ಹೋಗಲು ನೋಡಿದರೆ, ತೋಳು ಹಿಡಿದು ಒಳಗೆ ಎಳೆಯುವವರು. “ಅವರ ಮನಿಯಾಗ ಕುಡದು ನಮ್ಮನಿಯಾಗ ಒಲ್ಲೆಂದ್ರ, ನಾವೇನ ಬ್ಯಾರೇ ಪೈಕಿಯವರೇನ್ರಿ?” ಓಣಿಯಲ್ಲಿ ಹುಟ್ಟಿ ಬೆಳೆದ ಮನುಷ್ಯ ಇದಕ್ಕೆ ಏನು ಹೇಳಲಿಕ್ಕಾಗುತ್ತದೆ? ಒಂದು ಮನೆಯಲ್ಲಿ ಚಹಾ, ಇನ್ನೊಂದರಲ್ಲಿ ಚಹಾದ ಜೊತೆ ಶೇಂಗಾ ಉಂಡಿ, ಮತ್ತೊಂದರಲ್ಲಿ ನಿನ್ನೆಯೇ ಧಾರವಾಡದಿಂದ ತರಿಸಿದ ಪೇಢೆ. ಸಕ್ಕರೆ ಕಾಯಿಲೆ ಎನ್ನುವಂತಿಲ್ಲ. ಜಿಲೇಬಿಯ ಹೆಸರು ಹೋಗುತ್ತದೆ. ಒಂದು ಕಡೆ ಧೈರ್ಯ ಮಾಡಿ “ಸಕ್ಕರಿ ಒಂಚೂರು ಕಡಿಮಿ ಹಾಕ್ರಿ” ಎಂದರು. ಆ ಮನೆಯಾಕೆಗೆ ಕಣ್ಣಲ್ಲಿ ನೀರು ಬಂತು. “ಬಡವರ ಮನಿ ಸಕ್ಕರಿ ಮ್ಯಾಲೂ ಎಷ್ಟ ಕಾಳಜಿ ನೋಡ್ರಿ ಇವರಿಗೆ,” ಎಂದು ಎರಡು ಚಮಚ ಹೆಚ್ಚು ಹಾಕಿದಳು.

ಶಶಿಕಾಂತರು ಸೋಲುವವರಲ್ಲ. ಇನ್ನೂ ಬೇಗ ಎದ್ದು ಹೊರಟರು; ಮಂದಿಯೂ ಬೇಗ ಎದ್ದರು. ಬಿರುಸಾಗಿ ನಡೆದರು, “ಭಾಳ ಜೋರ್ ಐತಿ ಈ ಸಲ” ಎಂದು ಮಂದಿ ಮೆಚ್ಚಿಕೊಂಡರು. ನಡೆದಷ್ಟೂ ಸಕ್ಕರೆ ಹೊಟ್ಟೆಗೆ ಇಳಿಯುತ್ತಿತ್ತು. ಮನೆಗೆ ಬಂದು ಅವರು ಹೊಟ್ಟೆಯ ಮೇಲೆ ಕೈಯಾಡಿಸಿ, ಸೂಜಿ ಎಲ್ಲಿ ಚುಚ್ಚಬಹುದು ಎಂದು ಯೋಚಿಸುತ್ತ ಕೂರುತ್ತಿದ್ದರು.

ಒಂದು ಮುಂಜಾನೆ ಕೊನೆಯ ಓಣಿಯ ಬಾಳವ್ವ ಅಡ್ಡಗಟ್ಟಿದಳು. ವಯಸ್ಸಾದ ಹೆಂಗಸು, ಬಾಯಿ ಮಾತ್ರ ಹರೆಯದ್ದು.

“ಏ ಶಶಿಕಾಂತಾ, ನಿಂದ್ರ.”

“ನಿಂದ್ರಂಗಿಲ್ಲ ಬೇ ಯವ್ವಾ.”

“ನನ್ನ ಮುಂದನೂ ಸುಳ್ಳ ಹೇಳ್ತೀಯೇನೋ? ಊರೆಲ್ಲಾ ಅನ್ನಾಕತ್ತೈತಿ.” ಅವಳು ರಟ್ಟೆ ಹಿಡಿದು ತನ್ನ ಮನೆಯ ಮುಂದಿನ ಒಣ ನಳದ ಹತ್ತಿರ ನಿಲ್ಲಿಸಿದಳು. “ಇದನ್ನ ನೋಡು. ನೀ ಬಂದ ಮ್ಯಾಲರ ನೀರು ಬರ್ತಾವಿಲ್ಲೋ? ಅಷ್ಟ ಹೇಳು.”

ನಿಂತರೆ ಎಲ್ಲಾ ಹುಣಸೆಹಣ್ಣು. ಶಶಿಕಾಂತರಿಗೆ ಕೈ ಬಿಡಿಸಿಕೊಂಡರೆ ಸಾಕಾಗಿತ್ತು. “ಬರ್ತಾವ ಬೇ, ಬರ್ತಾವ. ಕೈ ಬಿಡು.”

ಆ ಮಧ್ಯಾಹ್ನ ನಳಕ್ಕೆ ನೀರು ಬಂತು. ಆ ಓಣಿಯ ಪಾಳಿ ಅವತ್ತೇ ಇತ್ತು, ಅದಕ್ಕೆ ಬಂತು. ಆದರೆ ಇಷ್ಟು ಸರಳವಾದ ಕಾರಣವನ್ನು ಮಂದಿ ಎಂದಾದರೂ ಒಪ್ಪಿದ್ದುಂಟೇ? ನಿಲ್ಲುವ ಮೊದಲೇ ನೀರು ತಂದ ಪುಣ್ಯಾತ್ಮ ಎಂದು ಬಾಳವ್ವ ಸಂಜೆಯತನಕ ಓಣಿ ಓಣಿ ತಿರುಗಿ ಹೇಳಿದಳು.

ಮರುದಿನ ಶಶಿಕಾಂತರು ಹೊರಗೆ ಬಂದರೆ ಬಾಗಿಲಲ್ಲಿ ಹತ್ತಾರು ಮಂದಿ. ಇವರು ನಡೆದರೆ ಅವರೂ ನಡೆದರು. ಇವರು ತಿರುಗಿದಲ್ಲಿ ಅವರೂ ತಿರುಗಿದರು.

“ನಿಮಗೂ ಹೇಳ್ಯಾರೇನ್ರಿ, ಮ್ಯಾಲಿನವರು?” ಎಂದು ಶಶಿಕಾಂತರು ಕೇಳಿದರು.

“ಹೇಳೂದೇನ್ ಬಂತ್ರಿ? ನಾವೆಲ್ಲಾ ನಿಮ್ಮ ಹಿಂದನ ಅದೇವಿ.”

ಪಾಪ, ಇಷ್ಟು ಮಂದಿಗೂ ಸಕ್ಕರೆ ಕಾಯಿಲೆಯೇ ಎಂದು ಶಶಿಕಾಂತರಿಗೆ ಮರುಕವೂ ಆಯಿತು, ಒಳಗೊಳಗೇ ಸಮಾಧಾನವೂ ಆಯಿತು. ಗುಟ್ಟಾಗಿ ಬಳಲುವವರು ತಾವೊಬ್ಬರೇ ಅಲ್ಲ. ಅವರು ಹಿಂದೆ ತಿರುಗಿ, “ನಡೀರಿ, ಯಾರೂ ನಿಂದ್ರಬ್ಯಾಡ್ರಿ, ನಾ ಅದೇನಿ,” ಎಂದು ಧೈರ್ಯ ಹೇಳಿದರು. ‘ಯಾರೂ ನಿಂದ್ರಬ್ಯಾಡ್ರಿ, ನಾ ಅದೇನಿ’ ಎಂಬ ಮಾತು ಅವತ್ತೇ ಹಾಲಿ ಕಾರ್ಪೊರೇಟರ್ ಬೀರಲಿಂಗಣ್ಣನ ಕಿವಿಗೆ ಬಿತ್ತು.

ಬೀರಲಿಂಗಣ್ಣ ಭಾರೀ ಆಳು. ಹಿಂದಿನ ಚುನಾವಣೆ ಮುಗಿದ ದಿನ ಜೀಪು ಹತ್ತಿದವನು ಓಣಿಯಲ್ಲಿ ಮತ್ತೆ ಕಾಲಿಟ್ಟಿರಲಿಲ್ಲ. ಆ ಸಂಜೆ ಅವನು ದೊಡ್ಡ ಪೇಢೆ ಬಾಕ್ಸು ಹಿಡಿದು ಶಶಿಕಾಂತರ ಮನೆಗೇ ಬಂದ. ಹಿಂದಿನಿಂದ ಓಣಿಯವರೂ ಬಂದು ಅಂಗಳದಲ್ಲಿ ನೆರೆದರು. ಶಶಿಕಾಂತರು ಊಟದ ಮುಂಚೆ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಾಡುತ್ತಿದ್ದರು.

“ಶಶಿಕಾಂತರ, ಒಂದ ಮಾತ ಕೇಳಾಕ ಬಂದೇನಿ,” ಎಂದ ಬೀರಲಿಂಗಣ್ಣ. “ನೀವು ಕುಂದರ್ರಿ.”

“ಆಗಂಗಿಲ್ರಿ. ಇಷ್ಟು ವರ್ಷ ಕುಂತು ಕುಂತನ ಹಿಂಗಾಗೇತಿ. ಇನ್ನ ಕುಂದ್ರಂಗಿಲ್ಲಂತ ಗಟ್ಟಿ ಮಾಡೇನಿ.”

ಎದುರಾಳಿ ಚುನಾವಣೆಯಿಂದ ಹಿಂದೆ ಸರಿಯಲೊಲ್ಲ ಎಂದು ಬೀರಲಿಂಗಣ್ಣನ ಮುಖ ಸಣ್ಣದಾಯಿತು. ದನಿ ತಗ್ಗಿಸಿ ಕೇಳಿದ. “ಖರೇ ಹೇಳ್ರಿ. ಎಷ್ಟ ಐತಿ ನಿಮ್ಮದು?”

ಶಶಿಕಾಂತರು ಬೆಚ್ಚಿದರು. “ನಿಮಗ ಹೆಂಗ ಗೊತ್ತಾತು?”

“ರಾಜಕಾರಣದಾಗ ಇದ್ದಾವ್ರಿಗೆ ಎಲ್ಲಾ ಗೊತ್ತಾಗತೈತ್ರಿ. ಎಷ್ಟು?”

“ಮುನ್ನೂರಾ ಹತ್ತು,” ಎಂದರು ಶಶಿಕಾಂತರು, ಅಂಗಳಕ್ಕೆ ಕೇಳದಂತೆ.

ಬೀರಲಿಂಗಣ್ಣ ಗೋಡೆಗೆ ಕೈಯೂರಿದ. ಹೋದ ಸಲ ಅವನು ಗೆದ್ದ ಅಂತರ ಇದರ ಅರ್ಧವೂ ಇರಲಿಲ್ಲ. “ಇನ್ನೂ ಏರತೈತೇನ್ರಿ?”

“ಮನಿ ಮನಿಗೆ ಕರದು ಚಾ ಕುಡಸಾಕತ್ತಾರ. ಏರಲಾರದ ಏನ ಮಾಡೀತ್ರಿ?”

“ಇಳಸಾಕ ಏನರ ಹಾದಿ ಇಲ್ಲೇನು?”

“ಇಳಸಬೇಕಂತನ ನಾನೂ ಹೆಣಗಾಕತ್ತೇನಿ. ರಿಸಲ್ಟ್ ಬರೂದ್ರಾಗ ಇಳೀಲಿಲ್ಲಂದ್ರ ನನಗ ಚುಚ್ಚಾವರದಾರ್ರಿ.”

“ಯಾರು?”

“ಮ್ಯಾಲಿನವರು. ಹೊಟ್ಟಿಗೆ.”

ಬೀರಲಿಂಗಣ್ಣ ಪಕ್ಷ ಬದಲಿಸಿದವನು, ಬೆನ್ನಿಗೆ ಚುಚ್ಚಿಸಿಕೊಂ‌ಡವನು, ಚುಚ್ಚಿದವನು. ಆದರೆ ಮತ ಹೆಚ್ಚಾಗಿದ್ದಕ್ಕೆ ಹೊಟ್ಟೆಗೇ ಚುಚ್ಚುವ ಮೇಲಿನವರನ್ನು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ. ಅವನಿಗೆ ಖರೇನೇ ಕನಿಕರ ಬಂತು. “ನಿಮ್ಮ ಜೀವಕ್ಕ ನಾ ಜವಾಬ್ದಾರ. ಕುಂದರ್ರಿ, ಶಶಿಕಾಂತರ. ಕೈ ಮುಗೀತೇನಿ, ಕುಂದರ್ರಿ.”

ಅಷ್ಟರಲ್ಲಿ ದ್ರಾಕ್ಷಾಯಿಣಿ ಚಹಾ ತಂದರು. “ಮನಿಗೆ ಬಂದಾವರು ಅಷ್ಟ ಹೇಳಾಕತ್ತಾರ, ನೀವೇನ್ರಿ ಗಾಣದ ಎತ್ತಿನಂಗ ಸುತ್ತಾಕತ್ತೀರಿ. ಕುಂದರ್ರಿ ಸುಮ್ಮನ.”

ಹೆಂಡತಿಯ ಮಾತಿಗೆ ಎದುರಾಡಿ ಗೊತ್ತಿಲ್ಲದ ಶಶಿಕಾಂತರು ಕುರ್ಚಿಯಲ್ಲಿ ಕುಂತರು.

ಬೀರಲಿಂಗಣ್ಣನಿಗೆ ಕಣ್ಣು ತುಂಬಿ ಬಂತು. “ನಿಮ್ಮ ಉಪಕಾರ ಸಾಯೂತನಕ ಮರ್ಯಂಗಿಲ್ಲ,” ಎನ್ನುತ್ತ ಅವನು ಬಾಕ್ಸು ಒಡೆದು ಒಂದು ಪೇಢೆಯನ್ನು ಅವರ ಬಾಯಿಗೇ ಇಟ್ಟ. ಹೊಸ್ತಿಲ ಮೇಲೆ ನಿಂತು ಅಂಗಳಕ್ಕೆ ಸಾರಿದ: “ಶಶಿಕಾಂತರು ಕುಂತಾರ.” ಅಂಗಳದವರು ಇಣುಕಿ ನೋಡಿದರು. ಹೌದು, ಕುಂತಿದ್ದರು. ಬಾಯಲ್ಲಿ ಪೇಢೆ ಇತ್ತು.

ಮರುದಿನ ಮುಂಜಾನೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಶಶಿಕಾಂತರು ಕೈ ಮುಗಿದರೆ ಮಂದಿ ಗೋಡೆ ನೋಡಿದರು. ಚಹಾಕ್ಕೆ ಒಬ್ಬರೂ ಕರೆಯಲಿಲ್ಲ. ಶಶಿಕಾಂತರಿಗೆ ಹಿಗ್ಗೋ ಹಿಗ್ಗು. ಮೊಟ್ಟಮೊದಲ ಬಾರಿಗೆ ಎಲ್ಲೂ ನಿಲ್ಲದೆ ಎಲ್ಲಾ ಓಣಿ ಸುತ್ತಿ, ಬೆವರು ಒರೆಸುತ್ತ ಶಿದ್ದಪ್ಪನ ಅಂಗಡಿಯ ಮುಂದೆ ಬಂದರು.

“ಏನ್ ಶಿದ್ದಪ್ಪಾ, ಇವತ್ತ ಊರೆಲ್ಲಾ ತಣ್ಣಗ ಐತಲ್ಲ.”

“ಕುಂತ್ಯಂತಲ್ಲ,” ಎಂದ ಶಿದ್ದಪ್ಪ. ನಿನ್ನೆಯವರೆಗಿದ್ದ ಬಹುವಚನ ಅವನ ಬಾಯಿಂದ ಹೋಗಿಬಿಟ್ಟಿತ್ತು.

“ಹೌದಪಾ, ಒಂದೀಟು ಕುಂತಿದ್ದೆ. ಮತ್ತ ಎದ್ದೆ.”

“ಮತ್ತ ಎದ್ದಿ? ಅಂದ್ರ ಆ ಕಡೆಯಿಂದ್ಲೂ ತಿಂದು ಈ ಕಡೆಯಿಂದ್ಲೂ ತಿನ್ನಾಂವ ನೀ. ಮನಿ ಮನಿ ಚಾ ಕುಡದು, ಕಡೀಕ ಪೇಢೆಕ್ಕ ಮಾರಿಕೊಂಡ್ಯಲ್ಲೋ. ನಿಂತಾಂವ ಕುಂದ್ರಬಾರದಿತ್ತು.”

“ನಾ ಎದಕ್ಕ ನಿಂತಿದ್ನೋ?”

“ಕಾರ್ಪೊರೇಶನ್ನಿಗೆ.”

ತಾವು ಯಾವಾಗ ನಿಂತಿದ್ದರು, ಯಾವಾಗ ಕುಂತರು ಎಂಬುದು ಶಶಿಕಾಂತರಿಗೆ ತಿಳಿದದ್ದು ಆಗ. ಅವರು ಅಂಗಡಿಯ ಮುಂದಿನ ಚೀಲ ಹಿಡಿದುಕೊಂಡು, ಹಿಂದಿನ ದಿನಗಳ ಒಂದೊಂದೇ ಮಾತನ್ನು ನೆನಪಿಸಿಕೊಂಡು ಹಣೆ ಒತ್ತಿಕೊಂಡರು.

ಅವರಿಗಿಂತ ಹೆಚ್ಚು ಅನುಭವಿಸಿದವರು ದ್ರಾಕ್ಷಾಯಿಣಿ. ನಳದ ಸಾಲಿನಲ್ಲಿ ಅವರ ಕೊಡವನ್ನು ಹಿಂದೆ ಸರಿಸಿದರು. “ಪೇಢೆ ಮನಿಯಾಕಿ ಬಂದ್ಳು” ಎಂದು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮನೆಗೆ ಬಂದವರೇ ಅವರು ಖಾಲಿ ಕೊಡ ಕುಕ್ಕರಿಸಿ, “ನನಗ ನೀರ ಬೇಕ್ರಿ. ನಿಮ್ಮ ಜಿಲೇಬಿ ಹೆಸರ ಕಟಗೊಂಡು ನಾ ಏನ ಮಾಡ್ಲಿ? ಸಕ್ಕರಿ ಐತಿ ಅಂತ ಮಂದಿ ಮುಂದ ಹೇಳಿಬಿಡ್ರಿ,” ಎಂದು ಅತ್ತರು.

ಹೆಂಡತಿ ಅತ್ತದ್ದನ್ನು ಶಶಿಕಾಂತರು ಅಲ್ಲಿಯತನಕ ಎಂದೂ ಕಂಡಿರಲಿಲ್ಲ. ಅವತ್ತೇ ಹನುಮಪ್ಪನ ಗುಡಿಯ ಕಟ್ಟೆಗೆ ಹೋಗಿ ಎಲ್ಲರೆದುರು ಹೇಳಿಬಿಟ್ಟರು. ತಮಗೆ ಸಕ್ಕರೆ ಕಾಯಿಲೆ ಇದೆ, ಮೇಲಿನವರೆಂದರೆ ಮಾಳಿಗೆ ಮೇಲಿನ ಡಾಕ್ಟರು, ನಡೆದದ್ದು ಔಷಧಕ್ಕೆ. ಕಟ್ಟೆಯವರು ಕೇಳಿದರು. ಕೇಳಿ ಹೊಟ್ಟೆ ಹಿಡಿದು ನಕ್ಕರು. “ಸಕ್ಕರಿ ಇದ್ದಾಂವ ನಮ್ಮನಿಯಾಗ ಶೇಂಗಾ ಉಂಡಿ ತಿಂತಿದ್ದೇನು?” ಎಂದ ಒಬ್ಬ. “ನಮ್ಮನಿಯಾಗ ಪೇಢೆ?” ಎಂದ ಇನ್ನೊಬ್ಬ. ಶಶಿಕಾಂತರು ಓಡಿಹೋಗಿ ಶಾಬುದ್ದೀನನನ್ನು ಕರೆತಂದರು. “ಹೇಳಪಾ, ನನಗ ಏನೈತಿ?”

ಶಾಬುದ್ದೀನ ಎದೆಯ ಮೇಲೆ ಕೈಯಿಟ್ಟ. “ನಾ ಮಾತ ಕೊಟ್ಟೇನ್ರಿ ಕಾಕಾ. ಪ್ರಾಣ ಹೋದ್ರೂ ಹೇಳಂಗಿಲ್ಲ.”

“ನಾನೇ ಹೇಳು ಅನ್ನಾಕತ್ತೇನಲ್ಲೋ.”

“ನೀವು ಸಂಕಟದಾಗ ಅದೀರಿ. ಹಿಂಗ ಅಂತೀರಿ, ನಾಳೆ ಬೈತೀರಿ,” ಎಂದು ಅವನು ಹೊರಟುಹೋದ.

ಇಷ್ಟಾದರೂ ಶಶಿಕಾಂತರು ನಡಿಗೆ ಬಿಡಲಿಲ್ಲ. ಸೂಜಿ ಯಾರ ಮಾತನ್ನೂ ಕೇಳುವುದಿಲ್ಲವಷ್ಟೇ. ಬಾಗಿಲು ಮುಚ್ಚಿದ ಓಣಿಗಳಲ್ಲಿ ಹಲ್ಲು ಕಚ್ಚಿ ನಡೆದರು. ಯಾರೂ ಕರೆಯಲಿಲ್ಲ, ಯಾರೂ ಚಹಾ ಕೊಡಲಿಲ್ಲ, ಒಂದು ಮದುವೆಯ ಕರೆಯೂ ಬರಲಿಲ್ಲ. ಜುಬ್ಬಾ ಸಡಿಲವಾಯಿತು. ಆದರೆ ಗಂಡ ಹೆಂಡತಿ ಇಬ್ಬರೂ ಬಾಯಿಬಿಟ್ಟು ನಕ್ಕು ಎಷ್ಟು ದಿನವಾಗಿತ್ತೋ.

ಹೀಗಿರುವಾಗ ಡಾಕ್ಟರ್ ಗಾರ್ಗಿ ಹನುಮಪ್ಪನ ಗುಡಿಯ ಮುಂದೆ ಒಂದು ಶಿಬಿರ ಮಾಡಿದರು. ‘ಉಚಿತ ಸಕ್ಕರೆ ತಪಾಸಣೆ’ ಎಂದು ಬಟ್ಟೆಯ ಮೇಲೆ ಬರೆಸಿ ಕಟ್ಟಿದರು. ಶಿದ್ದಪ್ಪ ಮೊದಲಿನ ಎರಡು ಶಬ್ದ ಓದಿ ಊರಿಗೆಲ್ಲಾ ಹೇಳಿದ. ಮರುದಿನ ಮುಂಜಾನೆ ಗೋಪನಕೊಪ್ಪ ಅರ್ಧಕ್ಕರ್ಧ ಕೈಚೀಲ ಹಿಡಿದು ಸಾಲು ನಿಂತಿತು.

“ಸಕ್ಕರಿ ಕೊಡೋದಲ್ಲರಿ, ನೋಡೋದು,” ಎಂದು ಹೇಳಿ ಹೇಳಿ ಡಾಕ್ಟರರ ಗಂಟಲು ಬಿತ್ತು. “ಬೆರಳಿಗೆ ಒಂದ ಸಣ್ಣ ಸೂಜಿ. ಒಂದ ಹನಿ ರಕ್ತ. ಮಷೀನ್ ಇಲ್ಲೇ ಹೇಳ್ತದ.”

ಶಿದ್ದಪ್ಪನಿಗೆ ಹೊಳೆಯಿತು. “ಹಂಗಾರ ಶಶಿಕಾಂತನ್ನ ಕರೀರಿ. ಸಕ್ಕರಿ ಐತಿ, ಸಕ್ಕರಿ ಐತಿ ಅಂತಾನ. ತೋರಿಸ್ಲಿ. ಐತಿ ಅಂದ್ರ ನಾನ ಅವನ ಕಾಲ ಹಿಡೀತೇನಿ.”

ಶಶಿಕಾಂತರು ನಡಿಗೆ ಮುಗಿಸಿ ಆ ಕಡೆಗೇ ಬರುತ್ತಿದ್ದರು. ಸೂಜಿ ಎಂಬ ಮಾತು ಕೇಳಿದೊಡನೆ ಬಂದ ದಾರಿಗೇ ತಿರುಗಿದರು. ಅತ್ತ ನೋಡಿದರೆ ದ್ರಾಕ್ಷಾಯಿಣಿ, ಕೊಡ ಹಿಡಿದು, ಗುಡಿಯ ಪಕ್ಕದ ನಳದ ಸಾಲಿನ ಕೊಟ್ಟಕೊನೆಗೆ ನಿಂತಿದ್ದರು. ಶಶಿಕಾಂತರು ಕಣ್ಣು ಮುಚ್ಚಿ, “ಚುಚ್ಚರಿ,” ಎಂದು ಬೆರಳು ಚಾಚಿದರು. ಹಲ್ಲು ಕಡಿದ ಸದ್ದು ಬಾಳವ್ವನಿಗೂ ಕೇಳಿಸಿತಂತೆ. ಆದರೆ ಅವರು ಬೀಳಲಿಲ್ಲ.

ಮಂದಿ ಮೇಜಿನ ಸುತ್ತ ಮುಗಿಬಿದ್ದರು. ಡಾಕ್ಟರರು ಮಷೀನು ನೋಡಿದರು. ಮುಖ ಅರಳಿತು. “ಶಶಿಕಾಂತರ, ನೂರಾ ಹನ್ನೆರಡು. ಪೂರಾ ಇಳದದ. ಇಂಜೆಕ್ಷನ್ ಬ್ಯಾಡ, ಏನೂ ಬ್ಯಾಡ.”

ಶಶಿಕಾಂತರು ಇದ್ದಲ್ಲೇ ಎರಡು ಸಲ ಜಿಗಿದರು. “ಇಳದೈತಿ! ದ್ರಾಕ್ಷಾಯಿಣಿ, ಇಳದೈತಿ!” ಮೂರನೆಯ ಸಲ ಜಿಗಿಯುವಾಗ ಸುತ್ತಲಿನವರ ಮುಖ ಕಂಡಿತು. ಯಾರೂ ನಗುತ್ತಿರಲಿಲ್ಲ.

“ಅಂದ್ರ ಸಕ್ಕರಿ ಇಲ್ಲ,” ಎಂದ ಶಿದ್ದಪ್ಪ.

“ಇತ್ತುರೀ, ಮುನ್ನೂರಾ ಹತ್ತು ಇತ್ತು,” ಎಂದರು ಗಾರ್ಗಿ. “ನಾನೇ ನೋಡೀನಿ. ದಿನಾ ನಡದಾರ, ಹೇಳಿದ ಗುಳಿಗಿ ತೊಗೊಂಡಾರ, ಅದಕ್ಕೇ ಇಳದದ.”

“ಬರೇ ನಡದ್ರ ಬ್ಯಾನಿ ಹೋಗತೈತೇನಬೇ ತಂಗಿ?” ಎಂದಳು ಬಾಳವ್ವ. “ನಾ ಹುಟ್ಟಿದಾಗಿಂದ ನಡ್ಯಾಕತ್ತೇನಿ, ನನ್ನ ಮೊಣಕಾಲ ಬ್ಯಾನಿ ಹೋಗೇತೇನು?”

“ಹಂಗಿದ್ರ ಪೋಸ್ಟಮನ್ ದವಾಖಾನಿ ಹಾಕ್ತಿದ್ದ ಬಿಡ್ರಿ,” ಎಂದ ಶಿದ್ದಪ್ಪ. “ಡಾಕ್ಟರಮ್ಮಗೂ ಪೇಢೆ ಮುಟ್ಟಿರಬೇಕು.” ಮಂದಿ ಹೋ ಎಂದು ನಕ್ಕರು.

ಗಾರ್ಗಿಗೆ ಸಿಟ್ಟು ನೆತ್ತಿಗೇರಿತು. ಧಾರವಾಡದವರ ಸಿಟ್ಟು, ದನಿ ಏರಲಿಲ್ಲ, ಮಾತು ಮಾತ್ರ ಹರಿತವಾಯಿತು. “ಶಶಿಕಾಂತರ, ನಡದ್ರ ಸಕ್ಕರಿ ಇಳಿಯೂದಿಲ್ಲ ಅಂತಾರ ಇವರು, ಅಂದ್ರ ನನ್ನ ಮಷೀನ್ ಸುಳ್ಳು. ನೀವೂ ಹಂಗ ಅಂತೀರೇನು? ಹಂಗಿದ್ರ ಹಳೇ ಮುನ್ನೂರಾ ಹತ್ತೇ ಖರೇ ಅಂತ ತಿಳಕೊಂಡು ನಾಳೆ ಮುಂಜಾನಿಂದ ಇಂಜೆಕ್ಷನ್ ಚಾಲೂ ಮಾಡ್ತೀನಿ. ದಿನಾ, ಹೊಟ್ಟಿಗೆ.”

“ಹೇಳೋ,” ಎಂದ ಶಿದ್ದಪ್ಪ. “ಎಲ್ಲಾರ ಮುಂದ ಒಂದ ಮಾತ ಹೇಳು. ಮಷೀನ್ ಖರೇನೋ, ನೀ ಖರೇನೋ?”

ಶಶಿಕಾಂತರು ಶಿದ್ದಪ್ಪನನ್ನು ನೋಡಿದರು. ಮಷೀನು ಸುಳ್ಳು ಎಂದು ಒಂದು ಮಾತು ಹೇಳಿದರೆ ಮಾನ ತಿರುಗಿ ಬರುತ್ತದೆ, ನಳದ ಸಾಲಿನಲ್ಲಿ ಜಾಗ ಬರುತ್ತದೆ, ಶಿದ್ದಪ್ಪ ಕಾಲು ಹಿಡಿಯುತ್ತಾನೆ. ಹೆಂಡತಿಯನ್ನು ನೋಡಿದರು. ಅವರು ಹೇಳ್ರಿ, ಹೇಳ್ರಿ ಎಂದು ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದರು. ಆಮೇಲೆ ಡಾಕ್ಟರರ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಸೂಜಿಗಳನ್ನು ನೋಡಿದರು.

“ಮಷೀನ್ ಖರೇ ಐತಿ,” ಎಂದರು ಶಶಿಕಾಂತರು. “ಸುಳ್ಳು ನಾನು.”

ಹಾಗೆಂದವರೇ, ಹತ್ತಿ ಒತ್ತಿದ ಬೆರಳನ್ನು ಮೇಲೆತ್ತಿ ಹಿಡಿದು, ದ್ರಾಕ್ಷಾಯಿಣಿ ಹಣೆ ಬಡಿದುಕೊಳ್ಳುವುದರೊಳಗೆ, ಜನರ ನಡುವೆ ಹಾದಿ ಮಾಡಿಕೊಂಡು ಬಿರಬಿರನೆ ಮನೆಯ ಕಡೆ ನಡೆದುಬಿಟ್ಟರು.